ಗೋಮಾಳ ಡೀಸೆಲ್ ತೋಟವಲ್ಲ

ಬರಡು ನೆಲದಲ್ಲಿ ಎಣ್ಣೆಬೀಜ ಬೆಳೆದು ತೈಲದ ಆಮದು ತಗ್ಗಿಸುತ್ತೇವೆ ಎಂಬ ಯೋಜನೆಗೆ ಈ ದೇಶ ಇಪ್ಪತ್ತು ವರ್ಷಕ್ಕೂ ಮೀರಿ ಅವಕಾಶ ಕೊಟ್ಟಿದೆ. ಯೋಜನೆ ಸೋತಿದೆ. ಸೋಲನ್ನು ಒಪ್ಪಿ ಕಡತ ಮುಚ್ಚಬೇಕಾದ ಹೊತ್ತಿನಲ್ಲಿ ಅದನ್ನು ಮತ್ತೆ ತೆರೆಯಲು ಹೊಸ ನೆಪಗಳು ಸಿದ್ಧವಾಗಿವೆ. ಅಂತರರಾಷ್ಟ್ರೀಯ ವಿಮಾನಗಳ ಇಂಧನಕ್ಕೆ 2027ರಲ್ಲಿ ಶೇ 1, 2028ರಲ್ಲಿ ಶೇ 2, 2030ರಲ್ಲಿ ಶೇ 5ರಷ್ಟು ಸುಸ್ಥಿರ ಇಂಧನ ಬೆರೆಸುವ ಗುರಿ ಕೇಂದ್ರದ ಮುಂದಿದೆ. 2018ರ ರಾಷ್ಟ್ರೀಯ ನೀತಿಯಂತೆ 2030ರೊಳಗೆ ಡೀಸೆಲ್‌ನಲ್ಲಿ ಶೇ 5ರಷ್ಟು ಜೈವಿಕ ಡೀಸೆಲ್ ಇರಬೇಕು. ಬೆರಕೆ ಇನ್ನೂ ಶೇ 1ರ ಗಡಿಯನ್ನೂ ದಾಟಿಲ್ಲ. ಗುರಿ ದೊಡ್ಡದಿದ್ದು ಕೈ ಖಾಲಿ ಇದ್ದಾಗ ಸರ್ಕಾರಗಳ ಕಣ್ಣು ಬೀಳುವುದು ಊರಾಚೆಯ ನೆಲದ ಮೇಲೆ. ಹಾಗಾಗಬಾರದು.

ಸೋಲಿನ ಇತಿಹಾಸ ಗುಟ್ಟಿನದ್ದೇನಲ್ಲ. 2003ರಲ್ಲಿ ಯೋಜನಾ ಆಯೋಗದ ಸಮಿತಿ ದೇಶದಲ್ಲಿ 1.34 ಕೋಟಿ ಹೆಕ್ಟೇರ್ ಭೂಮಿ ಜಟ್ರೋಫಾ ಎಂಬ ಎಣ್ಣೆಬೀಜದ ಗಿಡಕ್ಕೆ ಒದಗುತ್ತದೆ ಎಂದು ಲೆಕ್ಕ ಹಾಕಿತು. ಗಿಡಕ್ಕೆ ಒಂದೂವರೆ ಕೆ.ಜಿ., ಹೆಕ್ಟೇರಿಗೆ 3.75 ಟನ್ ಬೀಜ ಎಂಬ ಭರವಸೆ ಆ ಲೆಕ್ಕದ ತಳಹದಿ. 2009ರ ರಾಷ್ಟ್ರೀಯ ನೀತಿ 2017ರ ಹೊತ್ತಿಗೆ ಶೇ 20ರಷ್ಟು ಜೈವಿಕ ಡೀಸೆಲ್ ಬೆರೆಸುವ ಮಾತಾಡಿತು. ಛತ್ತೀಸಗಡ ಸರ್ಕಾರ ಜೈವಿಕ ಇಂಧನಕ್ಕೆಂದೇ ಪ್ರಾಧಿಕಾರ ರಚಿಸಿ ಸಸಿ ನೆಡಿಸಿತು. ಬ್ರಿಟನ್ನಿನ ದೈತ್ಯ ಕಂಪನಿ ಬಿ.ಪಿ. 2007ರಲ್ಲಿ ಡಿ1 ಆಯಿಲ್ಸ್ ಜೊತೆ ಸೇರಿ ಜಟ್ರೋಫಾಗೆ ಹಣ ಹೂಡಿ, 2009ರಲ್ಲೇ ಕೈ ತೊಳೆದುಕೊಂಡಿತು. 2018ರ ಆಗಸ್ಟ್‌ನಲ್ಲಿ ಡೆಹ್ರಾಡೂನ್‌ನಿಂದ ದೆಹಲಿಗೆ ಜಟ್ರೋಫಾ ಎಣ್ಣೆಯ ಮಿಶ್ರಣದಲ್ಲಿ ವಿಮಾನವೊಂದು ಹಾರಿದ್ದು ನಿಜ. ಒಂದು ವಿಮಾನ ಹಾರುವಷ್ಟು ಎಣ್ಣೆ ಸಿಗುವುದಕ್ಕೂ ದೇಶದ ಡೀಸೆಲ್ ಟ್ಯಾಂಕು ತುಂಬುವುದಕ್ಕೂ ಅಜಗಜಾಂತರ.

ಸೋಲಿಗೆ ಕಾರಣ ರೈತರ ಸೋಮಾರಿತನವಲ್ಲ. ಜಟ್ರೋಫಾ ಒಣನೆಲದಲ್ಲಿ ಬದುಕುತ್ತದೆ. ಆದರೆ ಬದುಕುವುದೇ ಬೇರೆ, ಕಾಯಿ ಬಿಡುವುದೇ ಬೇರೆ. ನೀರು, ಗೊಬ್ಬರ ಕೊಡದಿದ್ದರೆ ಅದು ಎಲೆ ಹೊತ್ತು ನಿಲ್ಲುತ್ತದೆ, ಬೀಜ ಕೊಡುವುದಿಲ್ಲ. ಒಂದೇ ಗೊನೆಯಲ್ಲಿ ಹಸಿರು, ಹಳದಿ, ಕಪ್ಪು ಕಾಯಿಗಳು ಒಟ್ಟಿಗೇ ಇರುವುದರಿಂದ ಒಂದೇ ಸಲಕ್ಕೆ ಕುಯ್ಯಲಾಗದು. ಮತ್ತೆ ಮತ್ತೆ ಹೋಗಿ ಕೈಯಿಂದಲೇ ಬಿಡಿಸಬೇಕು, ಪ್ರತಿ ಸಲವೂ ಕೂಲಿ ಕೊಡಬೇಕು. ಒಂದು ಲೀಟರ್ ಎಣ್ಣೆಗೆ ಮೂರರಿಂದ ನಾಲ್ಕು ಕೆ.ಜಿ. ಬೀಜ ಬೇಕು. ಕೆ.ಜಿ.ಗೆ 20 ರೂಪಾಯಿ ಸಿಕ್ಕಿತು ಎಂದಿಟ್ಟುಕೊಂಡರೂ ಬೀಜಕ್ಕೇ 60ರಿಂದ 80 ರೂಪಾಯಿ ಆಯಿತು. ಅದರ ಮೇಲೆ ಸಾಗಣೆ, ಗಾಣ, ಸಂಸ್ಕರಣೆಯ ಖರ್ಚು ಸೇರಿಸಿದರೆ ಬಂಕಿನ ಡೀಸೆಲ್ ಎದುರು ನಿಲ್ಲುವುದು ಹೇಗೆ? ಕೊಳ್ಳುವವನಿಗೆ ಅಗ್ಗವಾಗುವ ದರ ಬೆಳೆದವನ ಕೂಲಿಗೂ ಸಾಲದು. ಹಿಂಡಿ ವಿಷ, ದನಕ್ಕೆ ಹಾಕುವಂತಿಲ್ಲ.

ಇಡೀ ಯೋಜನೆಯ ಬುಡದಲ್ಲೇ ಇರುವ ಸುಳ್ಳು ಇದು: ಲಾಭ ಬರುವಷ್ಟು ಬೆಳೆ ಬರಬೇಕಾದರೆ ನೆಲ ಫಲವತ್ತಾಗಿರಬೇಕು, ಆಗ ಅಲ್ಲಿ ರಾಗಿ, ತೊಗರಿಯೇ ಬೆಳೆಯುತ್ತದೆ. ನೆಲ ನಿಜಕ್ಕೂ ಬರಡಾಗಿದ್ದರೆ ಇಂಧನದ ಬೆಳೆಯೂ ಬಾರದು.

ಇನ್ನು ಆ ನೆಲ ಯಾರದು ಎಂಬ ಪ್ರಶ್ನೆ. 2019ರ ಪಾಳುಭೂಮಿ ನಕಾಶೆಯ ಪ್ರಕಾರ ದೇಶದ ಶೇ 17ರಷ್ಟು ಭೂಮಿ, ಸುಮಾರು 5.58 ಕೋಟಿ ಹೆಕ್ಟೇರ್, ಪಾಳು ಎಂದು ಗುರುತಾಗಿದೆ. ಉಪಗ್ರಹದ ಚಿತ್ರದಲ್ಲಿ ಕುರುಚಲು ಕಾಡಾಗಿ ಕಾಣುವ ಜಾಗ ಊರಿನವರ ಬಾಯಲ್ಲಿ ಗೋಮಾಳ, ಹುಲ್ಲುಬನ್ನಿ, ಕಾವಲು. ಮಧ್ಯ ಕರ್ನಾಟಕದ ಯಾವುದೇ ಗೋಮಾಳಕ್ಕೆ ಮುಂಗಾರು ಬಿದ್ದ ಮೇಲೆ ಹೋಗಿ ನೋಡಬೇಕು. ಕಲ್ಲಿನ ಸಂದಿಯಲ್ಲಿ ಎದ್ದ ಹುಲ್ಲಿಗೆ ಕುರಿಮಂದೆ ಬಾಯಿ ಹಾಕಿರುತ್ತದೆ, ಬಾರೆ ಗಿಡ, ಕಾರೆ ಪೊದೆಯ ನಡುವೆ ಹೆಂಗಸರು ಸೌದೆ ಪುಳ್ಳೆ ಆಯುತ್ತಿರುತ್ತಾರೆ. ಸ್ವಂತ ಹೊಲವಿಲ್ಲದವರ ಆಡು, ಎಮ್ಮೆ ಬದುಕಿರುವುದು ಅಲ್ಲಿ. 100 ರಾಸುಗಳಿಗೆ 30 ಎಕರೆ ಗೋಮಾಳ ಮೀಸಲಿಡಬೇಕು ಎನ್ನುತ್ತದೆ ನಮ್ಮದೇ ಭೂಕಂದಾಯ ನಿಯಮ. ಗ್ರಾಮದ ಸಾಮುದಾಯಿಕ ಭೂಮಿಯ ಒತ್ತುವರಿ ತೆರವುಗೊಳಿಸಿ ಊರಿಗೇ ಮರಳಿಸಬೇಕೆಂದು ಸುಪ್ರೀಂ ಕೋರ್ಟ್ 2011ರ ಜನವರಿಯಲ್ಲಿ ಹೇಳಿದೆ. ದನ ಮುಟ್ಟದ ಗಿಡವೆಂಬುದು ಜಟ್ರೋಫಾದ ಹೆಗ್ಗಳಿಕೆ. ದನ ಮೇಯುವ ಜಾಗಕ್ಕೆ ಅದನ್ನೇ ತಂದು ನೆಡುವುದು ಮೇವಿಗೆ ಬೇಲಿ ಹಾಕಿದಂತೆಯೇ.

ಕರ್ನಾಟಕಕ್ಕೆ ಈ ಪಾಠ ಹೊಸದಲ್ಲ. ಎಂಬತ್ತರ ದಶಕದಲ್ಲಿ ಸುಮಾರು 30 ಸಾವಿರ ಹೆಕ್ಟೇರ್ ಸಿ ಮತ್ತು ಡಿ ದರ್ಜೆಯ ಭೂಮಿಯನ್ನು ಕರ್ನಾಟಕ ಪಲ್ಪ್‌ವುಡ್ಸ್ ಕಂಪನಿಯ ನೀಲಗಿರಿಗೆ ಕೊಡಲು ಸರ್ಕಾರ ಹೊರಟಿತ್ತು. ಆಗಲೂ ಕೊಟ್ಟ ಕಾರಣ ಇದೇ: ನೆಲ ನಿರುಪಯುಕ್ತ. 1987ರ ನವೆಂಬರ್ 14ರಂದು ಕುಸನೂರಿನ ಜನ ‘ಕಿತ್ತಿಕೊ-ಹಚ್ಚಿಕೊ’ ಸತ್ಯಾಗ್ರಹ ನಡೆಸಿ, ನೀಲಗಿರಿ ಸಸಿ ಕಿತ್ತು ತಮಗೆ ಬೇಕಾದ ಸಸಿ ನೆಟ್ಟರು. ಸಮಾಜ ಪರಿವರ್ತನ ಸಮುದಾಯದ ಎಸ್.ಆರ್. ಹಿರೇಮಠ, ಶಿವರಾಮ ಕಾರಂತರು ಸುಪ್ರೀಂ ಕೋರ್ಟ್ ಮೆಟ್ಟಿಲೇರಿದರು. ಕೊನೆಗೆ ಕಂಪನಿಯನ್ನೇ ಮುಚ್ಚಬೇಕಾಯಿತು. ನೀಲಗಿರಿಯ ಜಾಗಕ್ಕೆ ಇಂಧನದ ಗಿಡ ಬಂದರೆ ಅನ್ಯಾಯ ಹಸಿರಾಗುವುದಿಲ್ಲ.

ಹಾಗೆಂದು ಎಣ್ಣೆಬೀಜದ ಮರಗಳೇ ಬೇಡ ಎಂದು ನಾವು ಹೇಳುತ್ತಿಲ್ಲ. ಹೊಂಗೆ, ಬೇವು, ಹಿಪ್ಪೆ ನಮ್ಮ ರೈತ ಬಲ್ಲ ಮರಗಳು. ಹೊಂಗೆ ಎಣ್ಣೆಯಲ್ಲಿ ಡೀಸೆಲ್ ಎಂಜಿನ್ ಓಡಿಸಬಹುದೆಂದು ಭಾರತೀಯ ವಿಜ್ಞಾನ ಸಂಸ್ಥೆಯ ಉಡುಪಿ ಶ್ರೀನಿವಾಸ ತೋರಿಸಿಕೊಟ್ಟರು. ಹಾಸನದ ಮಡೆನೂರಿನಲ್ಲಿ ಕೃಷಿ ವಿಶ್ವವಿದ್ಯಾಲಯದ ಜೈವಿಕ ಇಂಧನ ಉದ್ಯಾನ ಬದುವಿನ ಮರಗಳ ದಾರಿ ತೋರಿತು. ಬದುವಿನ ಹೊಂಗೆ ಯಾರ ಹೊಲವನ್ನೂ ಕಸಿಯುವುದಿಲ್ಲ. ಸೊಪ್ಪು ಗದ್ದೆಗೆ, ಹಿಂಡಿ ತೋಟಕ್ಕೆ, ನೆರಳು ಎಲ್ಲರಿಗೆ. ಬೀಜ ಉಳಿದರೆ ಗಾಣಕ್ಕೆ ಹೋಗಲಿ, ಊರಿನ ಪಂಪ್‌ಸೆಟ್ಟು ಓಡಲಿ. ಆದರೆ ಅದು ರೈತನ ಉಪ ಆದಾಯವೇ ಹೊರತು ದೇಶದ ತೈಲ ನೀತಿಯಲ್ಲ. ಹಾಗೆಂದು ಬಿಂಬಿಸುವುದೇ ಮೋಸ.

ಸರ್ಕಾರ ಮಾಡಬೇಕಾದ್ದು ಸ್ಪಷ್ಟ. ಗೋಮಾಳ, ಕಾವಲು, ಹುಲ್ಲುಬನ್ನಿಗಳನ್ನು ಇಂಧನ ಬೆಳೆಗಾಗಿ ಕಂಪನಿಗಾಗಲಿ, ಮಂಡಳಿಗಾಗಲಿ ಗುತ್ತಿಗೆ ಕೊಡುವುದಿಲ್ಲವೆಂದು ಲಿಖಿತ ಆದೇಶ ಹೊರಡಿಸಬೇಕು. ಖರಾಬು ನೆಲದಲ್ಲಿ ಒಂದು ಸಸಿ ನೆಡುವುದಿದ್ದರೂ ಗ್ರಾಮಸಭೆ ಒಪ್ಪಬೇಕು. ಯಾವ ಮರ ಎಂಬುದನ್ನು ಅದೇ ತೀರ್ಮಾನಿಸಬೇಕು. ರಾಜ್ಯದ ‘ಹಸಿರು ಹೊನ್ನು’, ‘ಬರಡು ಬಂಗಾರ’ ಯೋಜನೆಗಳಲ್ಲಿ ಎಷ್ಟು ಸಸಿ ನೆಟ್ಟರು, ಎಷ್ಟು ಉಳಿದವು, ಎಷ್ಟು ಬೀಜ ಯಾವ ದರಕ್ಕೆ ಮಾರಾಟವಾಯಿತು ಎಂಬುದನ್ನು ತಾಲ್ಲೂಕುವಾರು ಲೆಕ್ಕ ಬಿಚ್ಚಿ ವಿಧಾನಮಂಡಲದ ಮುಂದಿಡಬೇಕು. ಬೆಂಬಲ ಬೆಲೆ ಘೋಷಿಸದೆ ರೈತನ ಕೈಗೆ ಸಸಿ ಕೊಡುವುದನ್ನು ಇಂದೇ ನಿಲ್ಲಿಸಬೇಕು.

ವಿಮಾನಕ್ಕೆ ಹಸಿರು ಇಂಧನ ಬೇಕೆನ್ನುವವರು ಕರಿದ ಎಣ್ಣೆ, ಕೃಷಿ ತ್ಯಾಜ್ಯ, ನಗರದ ಕಸದಲ್ಲಿ ಅದನ್ನು ಹುಡುಕಲಿ, ಅದರ ಬೆಲೆಯನ್ನು ಟಿಕೆಟ್ಟಿನಲ್ಲಿ ತೆರಲಿ. ವಿಮಾನ ಹತ್ತದವರ ಕುರಿಯ ಮೇವಿನಿಂದ ಆ ಬಾಕಿ ತೀರಿಸುವ ಅಧಿಕಾರ ಯಾವ ಸರ್ಕಾರಕ್ಕೂ ಇಲ್ಲ.