ಬಾಲ್ಕನಿ, ತಾರಸಿ, ತೋಟ: ಫ್ಲ್ಯಾಟಿನ ಬೆಲೆಯಲ್ಲಿ ತೆರೆದ ಜಾಗದ ಪಾಲೆಷ್ಟು?

ಬೆಂಗಳೂರಿನಲ್ಲಿ ಫ್ಲ್ಯಾಟು ಕೊಳ್ಳಲು ಹೊರಟ ವ್ಯಾಪಾರಿ ಮಿತ್ರರು ಲೆಕ್ಕಪರಿಶೋಧಕನಾದ ನನ್ನಲ್ಲಿ ಹಿಂದೆಲ್ಲ ಮೂರೇ ಪ್ರಶ್ನೆಗಳನ್ನು ಕೇಳುತ್ತಿದ್ದರು: ಚದರಡಿಗೆ ಇಷ್ಟು ದರ ಸರಿಯೇ, ಬ್ಯಾಂಕು ಎಷ್ಟು ಸಾಲ ಕೊಟ್ಟೀತು, ಮುಂದೆ ಮಾರಿದರೆ ತೆರಿಗೆ ಎಷ್ಟು. 2020ರ ಲಾಕ್‌ಡೌನಿನಲ್ಲಿ ನಾಲ್ಕು ಗೋಡೆಗಳ ನಡುವೆ ಕಾಲ ಕಳೆದ ಮೇಲೆ ನಾಲ್ಕನೆಯದೊಂದು ಸೇರಿಕೊಂಡಿದೆ. ಸ್ವಂತ ಬಾಲ್ಕನಿ, ತಾರಸಿ ಅಥವಾ ನೆಲಮಹಡಿಯ ತೋಟವಿರುವ ಮನೆಗೆ ಬಿಲ್ಡರು ಕೇಳುವ ಹೆಚ್ಚಿನ ಬೆಲೆಯನ್ನು ಕೊಡಬಹುದೇ ಎಂಬುದು ಆ ಪ್ರಶ್ನೆ.

ಜಗಲಿ, ಹಿತ್ತಲುಗಳಿದ್ದ ಮನೆಗಳಲ್ಲಿ ಬೆಳೆದ ನಮ್ಮ ತಲೆಮಾರಿಗೆ ಈ ಆಸೆ ಸಹಜವಾದುದು. ಬೆಲೆ ಕೊಡಬಾರದೆಂದು ನಾನು ಹೇಳುವುದಿಲ್ಲ. ಆದರೆ ಕೊಟ್ಟ ಹಣ ಆಸ್ತಿಯಾಗಿ ಉಳಿಯಬೇಕಾದರೆ ಆ ಜಾಗವು ಕ್ರಯಪತ್ರದೊಳಗೆ ಬಂದಿರಬೇಕು. ಬಾರದಿದ್ದಲ್ಲಿ ಅದು ಮುಂಗಡವಾಗಿ ಕೊಟ್ಟ ಬಾಡಿಗೆಯಂತೆ. ಅದೂ ಅವಧಿ ಗೊತ್ತಿಲ್ಲದ ಬಾಡಿಗೆ.

ಪೀಣ್ಯದಲ್ಲಿ ಯಂತ್ರಭಾಗಗಳನ್ನು ತಯಾರಿಸುವ ನನ್ನ ಗ್ರಾಹಕರೊಬ್ಬರು 2013ರಲ್ಲಿ ಕಟ್ಟಡವೊಂದರ ಮೇಲಿನ ಮಹಡಿಯಲ್ಲಿ ಫ್ಲ್ಯಾಟು ಕೊಂಡರು. ಅದಕ್ಕೆ ಹೊಂದಿಕೊಂಡ 600 ಚದರಡಿ ತಾರಸಿಗೆ ಬಿಲ್ಡರು ಫ್ಲ್ಯಾಟಿನ ಅರ್ಧ ದರವನ್ನು, ಅಂದರೆ ಚದರಡಿಗೆ 2,000 ರೂಪಾಯಿಯಂತೆ 12 ಲಕ್ಷವನ್ನು ಪಡೆದರು. 2022ರ ಆರಂಭದಲ್ಲಿ ಅವರು ಆ ಫ್ಲ್ಯಾಟನ್ನು ಅಡಮಾನವಿಟ್ಟು ಓವರ್‌ಡ್ರಾಫ್ಟ್ ಮಿತಿಯನ್ನು ಹೆಚ್ಚಿಸಿಕೊಳ್ಳಲು ಅರ್ಜಿ ಸಲ್ಲಿಸಿದಾಗ, ಬ್ಯಾಂಕಿನ ಮೌಲ್ಯಮಾಪಕರು ತಮ್ಮ ವರದಿಯಲ್ಲಿ ತಾರಸಿಯ ಮುಂದೆ ಸೊನ್ನೆ ಬರೆದರು. ಕ್ರಯಪತ್ರದ ಷೆಡ್ಯೂಲಿನಲ್ಲಿ ಫ್ಲ್ಯಾಟು, ಭೂಮಿಯ ಅವಿಭಾಜ್ಯ ಪಾಲು ಮತ್ತು ಒಂದು ಕಾರು ನಿಲುಗಡೆ ಮಾತ್ರ ಇದ್ದವು. ತಾರಸಿಗೆ ಆಧಾರವೆಂದರೆ ಬಿಲ್ಡರ ಲೆಟರ್‌ಹೆಡ್ಡಿನ ಮೇಲಿನ ಒಂದು ಪುಟದ ಪತ್ರ. ಮಂಜೂರಾದ ನಕ್ಷೆಯಲ್ಲಿ ಅದೇ ಜಾಗ ಎಲ್ಲರಿಗೂ ಸೇರಿದ ತಾರಸಿಯೆಂದಿತ್ತು. ನೀರಿನ ಟ್ಯಾಂಕಿಗೆ ಹೋಗುವ ದಾರಿಯೂ ಅದರ ಮೇಲೆಯೇ ಹಾದಿತ್ತು. ಕೇಳಿದ್ದಕ್ಕಿಂತ ಕಡಿಮೆ ಮಿತಿ ಮಂಜೂರಾಯಿತು. ಉಕ್ಕಿನ ದರ ಏರುತ್ತಿದ್ದ ದಿನಗಳವು. ಕಚ್ಚಾಮಾಲಿಗಾಗಿ ಅವರು ಹೊರಗಿನಿಂದ ದುಬಾರಿ ಬಡ್ಡಿಗೆ ಹಣ ತರಬೇಕಾಯಿತು.

ಮೌಲ್ಯಮಾಪಕರು ಮಾಡಿದ್ದರಲ್ಲಿ ತಪ್ಪಿರಲಿಲ್ಲ. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನ ಕಾಯ್ದೆಯು ಸಾಮಾನ್ಯ ಜಾಗಗಳ ಜೊತೆಗೆ 'ಸೀಮಿತ ಸಾಮಾನ್ಯ ಜಾಗ' ಎಂಬ ಇನ್ನೊಂದು ವರ್ಗವನ್ನೂ ಹೇಳಿದೆ. ಇಂತಿಂಥ ಫ್ಲ್ಯಾಟಿನವರ ಬಳಕೆಗೆ ಮಾತ್ರ ಮೀಸಲೆಂದು ನೋಂದಾಯಿತ ಘೋಷಣಾ ಪತ್ರದಲ್ಲಿ ಕಾಣಿಸಿದ ಜಾಗವೇ ಅದು. ಪ್ರತಿಯೊಬ್ಬ ಮಾಲೀಕರ ಅವಿಭಾಜ್ಯ ಪಾಲಿನ ಶೇಕಡಾವಾರು ಪ್ರಮಾಣವೂ ಈ ಮೀಸಲನ್ನು ಗಣನೆಗೆ ತೆಗೆದುಕೊಂಡಿರಬೇಕು. 2016ರ ರೇರಾ ಕಾಯ್ದೆಯು ತಾರಸಿಗಳನ್ನು ಸಾಮಾನ್ಯ ಜಾಗಗಳ ಪಟ್ಟಿಗೆ ಸೇರಿಸಿದೆ. ಅದೇ ವೇಳೆ ಫ್ಲ್ಯಾಟಿಗೆ ಹೊಂದಿಕೊಂಡು ಕೊಳ್ಳುವವರೊಬ್ಬರಿಗೇ ಮೀಸಲಾದ ತೆರೆದ ತಾರಸಿಯನ್ನು ಪ್ರತ್ಯೇಕವಾಗಿ ಗುರುತಿಸಿದೆ. ಮಂಜೂರಾದ ನಕ್ಷೆಯನ್ನೂ ಸಾಮಾನ್ಯ ಜಾಗಗಳನ್ನೂ ಆಮೇಲೆ ಬದಲಿಸಬೇಕಾದರೆ ಕೊಂಡವರಲ್ಲಿ ಕನಿಷ್ಠ ಮೂರರಲ್ಲಿ ಎರಡು ಪಾಲು ಜನರ ಲಿಖಿತ ಒಪ್ಪಿಗೆ ಅಗತ್ಯ. ಸಾಮಾನ್ಯ ಜಾಗವನ್ನು ತುಂಡು ಮಾಡಿ ಮಾರುವ ಪ್ರವೃತ್ತಿಗೆ ಸರ್ವೋಚ್ಚ ನ್ಯಾಯಾಲಯವು 2010ರಲ್ಲಿಯೇ ತಡೆ ಹಾಕಿತ್ತು. ಮುಂಬೈ ಪ್ರಕರಣವೊಂದರಲ್ಲಿ, ಮಹಾರಾಷ್ಟ್ರದ ಕಾಯ್ದೆಯಡಿ, ಕಾರು ನಿಲುಗಡೆಯ ಜಾಗವನ್ನು ಫ್ಲ್ಯಾಟಿನಂತೆ ಬಿಡಿಯಾಗಿ ಮಾರಲಾಗದೆಂದು ಅದು ತೀರ್ಪಿತ್ತಿತು.

ಬಾಲ್ಕನಿಯ ವಿಷಯದಲ್ಲಿ ಒಡೆತನದ ತಕರಾರು ಅಪರೂಪ. ಅಲ್ಲಿ ಗೊಂದಲವಿರುವುದು ಅಳತೆಯಲ್ಲಿ. ರೇರಾ ಪ್ರಕಾರ ಕಾರ್ಪೆಟ್ ಏರಿಯಾದಲ್ಲಿ ಸ್ವಂತ ಬಾಲ್ಕನಿಯೂ ಇಲ್ಲ, ಸ್ವಂತ ತೆರೆದ ತಾರಸಿಯೂ ಇಲ್ಲ. 2019ರ ಏಪ್ರಿಲ್ 1ರಿಂದ, ಬೆಂಗಳೂರಿನಂಥ ಮಹಾನಗರದಲ್ಲಿ 60 ಚದರ ಮೀಟರ್ ಕಾರ್ಪೆಟ್ ಏರಿಯಾ ಮತ್ತು 45 ಲಕ್ಷ ರೂಪಾಯಿ ಬೆಲೆಯೊಳಗಿನ ನಿರ್ಮಾಣ ಹಂತದ ಮನೆಗೆ ಶೇ. 1ರ ಜಿ.ಎಸ್.ಟಿ. ನಿಗದಿಯಾದಾಗಲೂ ಇದೇ ಅಳತೆಯನ್ನು ಅನುಸರಿಸಲಾಯಿತು. ಅಂದರೆ ಬಾಲ್ಕನಿ ಎಷ್ಟೇ ದೊಡ್ಡದಿದ್ದರೂ 60ರ ಮಿತಿಗೆ ಧಕ್ಕೆಯಿಲ್ಲ. ಆದರೆ ವಸತಿ ಯೋಜನೆಗಳಿಗೆ ಆದಾಯ ತೆರಿಗೆ ರಿಯಾಯಿತಿ ನೀಡುತ್ತಿದ್ದ 80-ಐಬಿ(10) ಕಲಮಿನಲ್ಲಿ ಬೆಂಗಳೂರಿಗೆ 1,500 ಚದರಡಿಯ ಮಿತಿಯಿತ್ತು. 2005ರ ಏಪ್ರಿಲ್ 1ರಿಂದ ಬಂದ ವ್ಯಾಖ್ಯೆಯಂತೆ ಬಾಲ್ಕನಿಯೂ ಅದರೊಳಗೆ ಎಣಿಕೆಯಾಗುತ್ತಿತ್ತು. ಒಂದೇ ಸರ್ಕಾರ, ಒಂದೇ ಬಾಲ್ಕನಿ. ಒಂದು ಕಾನೂನಿಗೆ ಅದು ಮನೆಯ ಒಳಗೆ, ಇನ್ನೊಂದಕ್ಕೆ ಹೊರಗೆ! ಬಿಲ್ಡರುಗಳ ಕಡತಗಳಲ್ಲಿ ಇದನ್ನು ವಿವರಿಸುತ್ತ ನಾನು ಕಳೆದ ಸಂಜೆಗಳಿಗೆ ಲೆಕ್ಕವಿಲ್ಲ.

ಹಾಗಾದರೆ ಎಷ್ಟು ಕೊಡಬಹುದು? ಇದು ನನ್ನ ಸ್ವಂತ ಅಭಿಪ್ರಾಯ, ಶಾಸನವೇನಲ್ಲ. ಕುರ್ಚಿ ಹಾಕಿಕೊಂಡು ಇಬ್ಬರು ಎದುರುಬದುರಾಗಿ ಕೂರಬಹುದಾದ ಬಾಲ್ಕನಿಗೆ ಒಳಗಿನ ದರದ ಅರ್ಧವನ್ನು ಕೊಡುವುದು ಹೆಚ್ಚಲ್ಲ. ಬಟ್ಟೆ ಒಣಗಿಸಲು ಮಾತ್ರ ಸಾಕಾಗುವ ಇಕ್ಕಟ್ಟಿನ ಬಾಲ್ಕನಿಗೆ ಆ ದರ ಸಲ್ಲದು. ದಾಖಲೆ ಶುದ್ಧವಾಗಿರುವ ತಾರಸಿಗೆ ಮೊದಲ ನೂರಿನ್ನೂರು ಚದರಡಿಗೆ ಮೂರನೇ ಒಂದು ಪಾಲು. ಅಲ್ಲಿಂದ ಮುಂದೆ ವಿಸ್ತಾರ ಹೆಚ್ಚಿದಂತೆ ದರ ಇಳಿಯಬೇಕು. ಏಕೆಂದರೆ 600 ಚದರಡಿಯ ತಾರಸಿಯು 300 ಚದರಡಿಯದರ ಎರಡರಷ್ಟು ಸುಖ ಕೊಡುವುದಿಲ್ಲ, ಆದರೆ ನೀರು ಸೋರಿದಾಗ ಎರಡರಷ್ಟು ಖರ್ಚನ್ನು ತಪ್ಪದೆ ತರುತ್ತದೆ. ಸೋರಿಕೆಯ ದುರಸ್ತಿ ಯಾರದೆಂಬುದು ಕ್ರಯಪತ್ರದಲ್ಲಿಲ್ಲದಿದ್ದರೆ ಕೆಳಮನೆಯವರೊಡನೆ ಜಗಳ ಖಚಿತ.

ನೆಲಮಹಡಿಯ 'ಖಾಸಗಿ ತೋಟ'ದ ಬಗ್ಗೆ ನಾನು ಇನ್ನಷ್ಟು ಬಿಗಿ. ಅನೇಕ ಕಡೆ ಅದು ಕಟ್ಟಡದ ಸುತ್ತ ಕಾನೂನಿನಂತೆ ಬಿಡಲೇಬೇಕಾದ ಸೆಟ್‌ಬ್ಯಾಕ್ ಜಾಗ. ಅಲ್ಲಿ ಹುಲ್ಲು ಬೆಳೆಸಬಹುದೇ ಹೊರತು ಮಾಡು ಕಟ್ಟುವಂತಿಲ್ಲ, ತುರ್ತು ವಾಹನದ ದಾರಿಗೆ ಬೇಲಿ ಹಾಕುವಂತಿಲ್ಲ. ಬಾಲ್ಕನಿಗೆ ಅನುಮತಿಯಿಲ್ಲದೆ ಗಾಜು ಕೂಡಿಸಿ ಕೋಣೆ ಮಾಡಿಕೊಂಡವರೂ ಅದರಿಂದ ಬೆಲೆ ಏರಿತೆಂದು ಭಾವಿಸಬಾರದು. ಅಡಮಾನದ ವೇಳೆ ಅದು ನಕ್ಷೆಯ ಉಲ್ಲಂಘನೆಯೆಂದು ದಾಖಲಾಗುವ ಸಂಭವವೇ ಹೆಚ್ಚು.

ಇನ್ನು ತೆರಿಗೆ. ತಾರಸಿಗೆ ಬೇರೆಯಾಗಿ ಕೊಟ್ಟ ಹಣಕ್ಕೆ ರಸೀದಿಯಿಲ್ಲದಿದ್ದರೆ, ಮಾರುವಾಗ ಅದನ್ನು ಖರೀದಿ ವೆಚ್ಚವೆಂದು ತೋರಿಸಲಾಗದು. ಆ ಮೊತ್ತವಷ್ಟೂ ಲಾಭದ ಲೆಕ್ಕಕ್ಕೆ ಸೇರಿ ತೆರಿಗೆಗೆ ಒಳಪಡುತ್ತದೆ. ನೆಲಹಾಸು, ಚಪ್ಪರಗಳಿಗೆ ಮಾಡಿದ ಖರ್ಚಿಗೂ ಬಿಲ್ಲು ಬೇಕು. ಅಂಗಡಿಯಲ್ಲಿ ಹತ್ತು ರೂಪಾಯಿಗೂ ವೋಚರ್ ಬರೆಯಿಸುವ ನಮ್ಮ ಸದಸ್ಯರು ಮನೆ ಕೊಳ್ಳುವಾಗ ಮಾತ್ರ ಚೀಟಿ ನಂಬುವುದೇಕೋ ನನಗೆ ತಿಳಿಯದು.

ಪೀಣ್ಯದ ಗ್ರಾಹಕರು ಈಗ ಘೋಷಣಾ ಪತ್ರದ ತಿದ್ದುಪಡಿಗೆ ಹೊರಟಿದ್ದಾರೆ. ಪಾಲಿನ ಪ್ರಮಾಣ ಬದಲಾಗಬೇಕಾದರೆ 1972ರ ಕಾಯ್ದೆಯಂತೆ ಮಾಲೀಕರೆಲ್ಲರ ಒಪ್ಪಿಗೆ ಬೇಕು. 32 ಮನೆಗಳ ಪೈಕಿ 27 ಮಂದಿ ಸಹಿ ಹಾಕಿದ್ದಾರೆ. ಉಳಿದ ಐವರಲ್ಲಿ ಇಬ್ಬರು ವಿದೇಶದಲ್ಲಿದ್ದಾರೆ, ಇಬ್ಬರು ತಮಗೇನು ಲಾಭವೆಂದು ಕೇಳಿದ್ದಾರೆ. ಮೂರನೇ ಮಹಡಿಯ ಹಿರಿಯ ಮಹಿಳೆಯೊಬ್ಬರು, ಹಪ್ಪಳ ಸಂಡಿಗೆ ಒಣಗಿಸಲು ಆ ತಾರಸಿ ತಮಗೂ ಬೇಕೆಂದು ಹೇಳಿ ಕಾಗದವನ್ನು ಹಿಂದಿರುಗಿಸಿದ್ದಾರೆ.