ಲಾಲ್‌ಬಜಾರಿನ ಗಿಟಾರು

ಸಾಲ್ಟ್ ಲೇಕಿನಲ್ಲಿ ನನ್ನ ಕೆಲಸ. ಆನ್‌ಲೈನಿನಲ್ಲಿ ತರಿಸಿದ್ದ ಗಿಟಾರಿನ ಬ್ರಿಡ್ಜ್ ಕೋಲ್ಕತ್ತದ ಎರಡನೇ ಮಳೆಗಾಲಕ್ಕೇ ಕಿತ್ತು ಬಂತು. ‘ವಾರಂಟಿ ಮುಗಿದಿದೆ, ಹೊಸದು ಕೊಳ್ಳಿ’ ಎಂದರು ಮಾರಿದವರು.

ಲಾಲ್‌ಬಜಾರ್ ಪಕ್ಕದ ರವೀಂದ್ರ ಸರಣಿಯಲ್ಲಿ ವಾದ್ಯದಂಗಡಿಗಳ ಸಾಲೇ ಇದೆ. ಅಲ್ಲಿನ ಹಿರಿಯರೊಬ್ಬರು ಹಳೇ ಅಂಟು ಕೆರೆದು, ಹೊಸದಾಗಿ ಕೂರಿಸಿ, ಎರಡು ದಿನ ಕ್ಲ್ಯಾಂಪ್ ಹಾಕಿಟ್ಟು ಕೊಟ್ಟರು. ಮಾಡಬಲ್ಲವರಿಗೇ ರಿಪೇರಿಯೂ ಗೊತ್ತು.

ಸಣ್ಣ ಕಾರ್ಖಾನೆಯಲ್ಲಿ ನಮಗೆ ಬೇಕಾದಂತೆ ಹೇಳಿ ಮಾಡಿಸಿಕೊಳ್ಳಲೂಬಹುದು. ಕೋಲ್ಕತ್ತದ ದೇಬಾಶಿಷ್ ಭಟ್ಟಾಚಾರ್ಯ ಹಿಂದೂಸ್ತಾನಿ ರಾಗಗಳಿಗೆಂದೇ ಚತುರಂಗಿ, ಗಾಂಧರ್ವಿ, ಆನಂದಿ ಎಂಬ ವಾದ್ಯಗಳನ್ನು ರೂಪಿಸಿದರು. ಅವರ ‘ಕಲ್ಕತ್ತಾ ಕ್ರಾನಿಕಲ್ಸ್’ 2009ರ ಗ್ರ್ಯಾಮಿಗೆ ನಾಮನಿರ್ದೇಶನಗೊಂಡಿತ್ತು. ಅಂಥ ವಾದ್ಯಗಳು ಒಂದೇ ಅಚ್ಚಿನ ರಾಶಿಯಿಂದ ಬರುವುದಿಲ್ಲ.

ಕೈಯಲ್ಲಿ ಮಾಡಿದ್ದೆಲ್ಲ ಚಿನ್ನವಲ್ಲ. ಮರ ಸರಿಯಾಗಿ ಒಣಗದಿದ್ದರೆ ಕತ್ತು ಬಾಗುತ್ತದೆ. ಒಂದೊಂದು ಫ್ರೆಟ್ಟನ್ನೂ ನುಡಿಸಿ ನೋಡಿಯೇ ಕೊಳ್ಳಿ. ಆದರೆ ಆನ್‌ಲೈನ್ ದರ ತೋರಿಸಿ ಚೌಕಾಸಿ ಮಾಡಬೇಡಿ. ಆ ಹಿರಿಯರ ಮಗ ಉಳಿ ಹಿಡಿಯಲಿಲ್ಲ, ಬೈಕಿನಲ್ಲಿ ಡೆಲಿವರಿಗೆ ಹೋಗುತ್ತಾನೆ. ಚನ್ನಪಟ್ಟಣದ ಗೊಂಬೆಗೆ ನಾವು ಕೇಳುವ ನ್ಯಾಯ ಇಲ್ಲಿಯೂ ಸಲ್ಲಬೇಕು.

ಈ ಸಲದ ಪೂಜೆ ಬೋನಸ್ಸಿನಲ್ಲಿ ಅರ್ಧವನ್ನು ಅವರಿಗೆ ಮುಂಗಡ ಕೊಟ್ಟಿದ್ದೇನೆ. ನನ್ನ ಗಿಟಾರಿಗೆ ಮರ ಆರಿಸುತ್ತಿದ್ದಾರೆ.