ಚೌಕದೊಳಗಿನ ಕಣ್ಣು

ಫೋನಿನಲ್ಲಿ ಪಾಸ್‌ವರ್ಡ್ ಬರೆಯುವ ಚೌಕದ ಬಲತುದಿಗೆ ಪುಟ್ಟ ಕಣ್ಣಿನ ಚಿತ್ರ ಇರುತ್ತದಲ್ಲ, ಅದು ಅಲಂಕಾರಕ್ಕಲ್ಲ ಸೋದರಿಯರೇ, ಗುಂಡಿ! ಒತ್ತಿದರೆ ಚುಕ್ಕೆಗಳು ಹೋಗಿ ನೀವು ಬರೆದ ಅಕ್ಷರಗಳೇ ಕಾಣುತ್ತವೆ. ತಪ್ಪಿದ್ದರೆ ತಿದ್ದಿ, ಮತ್ತೆ ಒತ್ತಿ ಮುಚ್ಚಿ. ಇಷ್ಟಕ್ಕೆ ಅಂಗಡಿ ಹುಡುಗನ ಕೈಗೆ ಫೋನು ಕೊಟ್ಟು ಪಾಸ್‌ವರ್ಡ್ ಹೇಳುವುದು ಬೇಡವೇ ಬೇಡ. ಪಕ್ಕದಲ್ಲಿ ಯಾರಾದರೂ ಇಣುಕುತ್ತಿದ್ದರೆ ಮಾತ್ರ ಕಣ್ಣು ತೆರೆಸಬೇಡಿ.

ಹುಡುಕುವ ಚೌಕದಲ್ಲಿ ಮೈಕಿನ ಚಿತ್ರವಿದ್ದರೆ ಅದು ಮಾತಾಡಿ ಹುಡುಕಲಿಕ್ಕೆ; ಗುಣಾಕಾರದ ಗುರುತು ಬರೆದದ್ದನ್ನೆಲ್ಲ ಅಳಿಸಲಿಕ್ಕೆ. ಎರಡನ್ನೂ ಒತ್ತೊತ್ತಾಗಿ ಕೂರಿಸಿದವರಿಗೆ ಏನನ್ನೋಣ? ಬೆರಳು ತಾಗುವ ಜಾಗ ಸುಮಾರು 9 ಮಿಲಿಮೀಟರ್ ಇರಲಿ ಎಂದು ಆಂಡ್ರಾಯ್ಡ್‌ನವರೇ ಸಲಹೆ ಕೊಟ್ಟಿದ್ದಾರೆ. ಚಿತ್ರ ಚಿಕ್ಕದಿರಲಿ, ಸುತ್ತ ಒತ್ತುವ ಜಾಗವನ್ನಾದರೂ ಬಿಡಬಾರದೆ?